ನಾನು ಮಾಡದ ಪಾಪ, ನಾವು ಕೇಳಬೇಕಾದ ಕ್ಷಮೆ

ಹೊಲದಲ್ಲಿ ಒಂದು ಹೆಣ ಬಿದ್ದಿದೆ. ಕೊಂದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ನೋಡಿದವರಿಲ್ಲ, ಸುಳಿವೂ ಇಲ್ಲ. ಈಗ ಏನು ಮಾಡಬೇಕು?

ಬೈಬಲ್ಲಿನ ಧರ್ಮೋಪದೇಶಕಾಂಡದ 21ನೇ ಅಧ್ಯಾಯ ಇದಕ್ಕೆ ಒಂದು ನಿಯಮ ಹೇಳುತ್ತದೆ. ಹಿರಿಯರೂ ನ್ಯಾಯಾಧಿಪತಿಗಳೂ ಬಂದು ಹೆಣ ಬಿದ್ದ ಜಾಗದಿಂದ ಸುತ್ತಲಿನ ಊರುಗಳಿಗೆ ಎಷ್ಟು ದೂರ ಅಂತ ಅಳೆಯಬೇಕು. ಯಾವ ಊರು ಎಲ್ಲಕ್ಕಿಂತ ಹತ್ತಿರವೋ ಆ ಊರಿನ ಹಿರಿಯರು ಮುಂದೆ ಬರಬೇಕು. ಇನ್ನೂ ನೊಗಕ್ಕೆ ಹೂಡದ ಒಂದು ಕಡಸನ್ನು ಸದಾ ನೀರು ಹರಿಯುವ, ಯಾರೂ ಉತ್ತು ಬಿತ್ತದ ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಅಲ್ಲಿ ಅದರ ಕತ್ತು ಮುರಿಯಬೇಕು. ಅದರ ಮೇಲೆ ಕೈ ತೊಳೆದುಕೊಂಡು, ಈ ರಕ್ತ ಸುರಿಸಿದ್ದು ನಮ್ಮ ಕೈಗಳಲ್ಲ, ನಮ್ಮ ಕಣ್ಣುಗಳು ಇದನ್ನು ನೋಡಲಿಲ್ಲ ಎಂದು ಹೇಳಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಅದರ ಬೆನ್ನಿಗೇ, ಕರ್ತನೇ, ನಿನ್ನ ಜನರನ್ನು ಕ್ಷಮಿಸು ಎಂದು ಬೇಡಿಕೊಳ್ಳಬೇಕು.

ಈ ಭಾಗವನ್ನು ಓದುವಾಗಲೆಲ್ಲ ನಾನು ಇಲ್ಲಿಯೇ ನಿಂತುಬಿಡುತ್ತೇನೆ. ನಾವು ಕೊಂದಿಲ್ಲ ಅನ್ನುವವರೇ ಕ್ಷಮೆಯನ್ನೂ ಕೇಳುತ್ತಿದ್ದಾರೆ. ಮಾಡಿಲ್ಲ ಅಂದ ಮೇಲೆ ಕ್ಷಮೆ ಯಾಕೆ ಅನ್ನುವ ಪ್ರಶ್ನೆ ಆ ನಿಯಮಕ್ಕೆ ಏಳುವುದೇ ಇಲ್ಲ. ರಕ್ತ ನೆಲದ ಮೇಲಿದೆ. ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು. ಕೊಲೆಗಾರ ಸಿಗಲಿಲ್ಲ ಅಂದ ಮಾತ್ರಕ್ಕೆ ಊರು ಬಾಗಿಲು ಹಾಕಿಕೊಂಡು ಮಲಗುವ ಹಾಗಿಲ್ಲ.

ಕ್ರೈಸ್ತರಾದ ನಾವು ಪಾಪದ ಬಗ್ಗೆ ಮಾತಾಡುವುದು ಸಾಮಾನ್ಯವಾಗಿ ಹೀಗಲ್ಲ. ನನ್ನ ಪಾಪ, ನನ್ನ ಪಶ್ಚಾತ್ತಾಪ, ನನ್ನ ರಕ್ಷಣೆ. ಗುರುಗಳ, ಅಂದರೆ ಪಾದ್ರಿಗಳ, ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡುವವರಿಗೂ, ಪ್ರಾರ್ಥನಾ ಕೂಟದಲ್ಲಿ ಕಣ್ಣೀರಿಟ್ಟು ಮುಂದೆ ಹೋಗುವವರಿಗೂ ಲೆಕ್ಕ ಇರುವುದು ತನಗೂ ದೇವರಿಗೂ ನಡುವೆ. ಇದು ಸುಳ್ಳಲ್ಲ. ಆದರೆ ಇಷ್ಟೇ ಅಂದುಕೊಂಡರೆ ಬೈಬಲ್ಲಿನ ಅರ್ಧ ಪ್ರಾರ್ಥನೆಗಳು ನಮಗೆ ಅರ್ಥವಾಗುವುದಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ "ನಮ್ಮ ತಪ್ಪುಗಳನ್ನು ಕ್ಷಮಿಸು" ಅಂತಿದೆ. ಒಬ್ಬರೇ ಕೋಣೆಯಲ್ಲಿ ಕೂತು ಹೇಳಿದರೂ ನಾವು ಅದನ್ನು ಹಾಗೆಯೇ ಹೇಳುತ್ತೇವೆ.

ಯಾಜಕಕಾಂಡದ 4ನೇ ಅಧ್ಯಾಯದಲ್ಲಿ ಪಾಪಪರಿಹಾರದ ಬಲಿಗಳ ಪಟ್ಟಿ ಇದೆ. ಸಾಮಾನ್ಯ ಮನುಷ್ಯ ತಪ್ಪು ಮಾಡಿದರೆ ಒಂದು ಹೆಣ್ಣು ಆಡೋ ಕುರಿಯೋ ಸಾಕು. ಮುಖಂಡ ತಪ್ಪಿದರೆ ಹೋತ. ಮಹಾಯಾಜಕ ತಪ್ಪಿದರೆ ಹೋರಿ. ಇಡೀ ಸಮುದಾಯವೇ ತಿಳಿಯದೆ ತಪ್ಪಿದ್ದರೆ? ಆಗಲೂ ಹೋರಿಯೇ. ತಪ್ಪು ಸಭೆಯ ಕಣ್ಣಿಗೆ ಕಾಣದೆ ಇದ್ದು, ಆಮೇಲೆ ತಿಳಿದುಬಂದಾಗ ಅಂತ ಆ ಪಠ್ಯ ಹೇಳುತ್ತದೆ. ಹಿರಿಯರು ಆ ಹೋರಿಯ ತಲೆಯ ಮೇಲೆ ಕೈ ಇಡಬೇಕು. ಅಂದರೆ ಇಡೀ ಜನ ಒಟ್ಟಾಗಿ, ಗೊತ್ತೇ ಇಲ್ಲದೆ, ದೊಡ್ಡದೊಂದು ತಪ್ಪಿನೊಳಗೆ ಬದುಕುತ್ತಿರಬಹುದು. ಎಲ್ಲರೂ ಒಳ್ಳೆಯವರೇ, ಎಲ್ಲರೂ ತಪ್ಪದೆ ಪ್ರಾರ್ಥಿಸುವವರೇ ಆಗಿದ್ದರೂ ಇದು ಸಾಧ್ಯ. ನನಗೆ ಈ ಮಾತು ಭಯ ಹುಟ್ಟಿಸುತ್ತದೆ, ಯಾಕೆಂದರೆ ಸಭೆಯ, ಅಂದರೆ ಚರ್ಚಿನ, ಚರಿತ್ರೆ ಓದಿದರೆ ಇದು ಎಷ್ಟು ನಿಜ ಅಂತ ಗೊತ್ತಾಗುತ್ತದೆ.

ಬಾಬೆಲಿಗೆ ಸೆರೆಹೋದ ಪ್ರವಾದಿ ದಾನಿಯೇಲನನ್ನು ನೋಡಿ. ಶತ್ರುಗಳು ಎಷ್ಟು ಹುಡುಕಿದರೂ ಅವನಲ್ಲಿ ಒಂದು ತಪ್ಪು ಸಿಗಲಿಲ್ಲ ಅನ್ನುತ್ತದೆ ಅವನ ಕಥೆ. ಅಂಥವನು ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕೂತು, "ನಾವು ಪಾಪ ಮಾಡಿದ್ದೇವೆ, ದ್ರೋಹ ಮಾಡಿದ್ದೇವೆ" ಅಂತ ಪ್ರಾರ್ಥಿಸುತ್ತಾನೆ. "ಅವರು" ಅನ್ನುವುದಿಲ್ಲ. ಯೆರೂಸಲೇಮು ಹಾಳಾಗಲು ಕಾರಣರಾದ ರಾಜರು, ಪ್ರಧಾನರು ಸತ್ತು ಎಷ್ಟೋ ವರ್ಷಗಳಾಗಿದ್ದವು. ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನೂ ಅಷ್ಟೇ. "ನಾನೂ ನನ್ನ ತಂದೆಯ ಮನೆಯವರೂ" ಅಂತ ತನ್ನನ್ನೂ ಸೇರಿಸಿಕೊಂಡೇ ಶುರು ಮಾಡುತ್ತಾನೆ.

ಇಲ್ಲಿ ಯಾರಾದರೂ ಪ್ರವಾದಿ ಯೆಹೆಜ್ಕೇಲನ ಗ್ರಂಥದ 18ನೇ ಅಧ್ಯಾಯ ತೆಗೆಯುತ್ತಾರೆ. ತೆಗೆಯಲೇಬೇಕು. ಮಗ ತಂದೆಯ ಪಾಪ ಹೊರುವುದಿಲ್ಲ, ತಂದೆ ಮಗನ ಪಾಪ ಹೊರುವುದಿಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ. ಸಾಮೂಹಿಕ ಪಾಪ ಅನ್ನುವ ಮಾತನ್ನು ಅದು ತಳ್ಳಿಹಾಕುತ್ತದೆ, ಅಲ್ವಾ?

ಆದರೆ ಆ ಅಧ್ಯಾಯ ಯಾರಿಗೆ ಹೇಳಿದ್ದು ಅಂತ ನೋಡಬೇಕು. ಸೆರೆಯಾಗಿ ಬಾಬೆಲಿಗೆ ಹೋದ ಜನ ಒಂದು ಗಾದೆ ಹಿಡಿದುಕೊಂಡು ಕೂತಿದ್ದರು. ಹೆತ್ತವರು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು. ಅಂದರೆ, ತಪ್ಪೆಲ್ಲ ಹಿಂದಿನವರದು, ನಾವು ಬಡಪಾಯಿಗಳು, ನಮ್ಮಿಂದ ಏನೂ ಆಗುವುದಿಲ್ಲ. ಪ್ರವಾದಿ ಅದನ್ನು ಒಪ್ಪಲಿಲ್ಲ. ನೀವು ಈಗ ಏನು ಮಾಡುತ್ತೀರಿ ಅದನ್ನು ಹೇಳಿ, ತಿರುಗಿಕೊಳ್ಳಿ, ಬದುಕಿ ಅಂದ. ಅದು ನೆಪಗಳ ವಿರುದ್ಧ ಬರೆದ ಅಧ್ಯಾಯ. ಅದನ್ನೇ ಹೊಸ ನೆಪ ಮಾಡಿಕೊಂಡು "ಅದು ನಮ್ಮ ತಾತಂದಿರ ಕಾಲದ್ದು, ನಮಗೇನು ಸಂಬಂಧ" ಅಂತ ಎದ್ದುಹೋದರೆ ಪ್ರವಾದಿಗೆ ಅನ್ಯಾಯ ಮಾಡಿದ ಹಾಗೆ.

ಯೇಸುವಿನ ಒಂದು ಮಾತು ಇನ್ನೂ ಚುಚ್ಚುತ್ತದೆ. ಮತ್ತಾಯನ 23ನೇ ಅಧ್ಯಾಯದಲ್ಲಿ ಧರ್ಮದ ಮುಖಂಡರು ಪ್ರವಾದಿಗಳ ಸಮಾಧಿಗಳನ್ನು ಕಟ್ಟುತ್ತಾರೆ, ಅಲಂಕರಿಸುತ್ತಾರೆ. "ನಾವು ನಮ್ಮ ಪಿತೃಗಳ ಕಾಲದಲ್ಲಿ ಇದ್ದಿದ್ದರೆ ಈ ಕೊಲೆಗಳಲ್ಲಿ ಪಾಲುಗಾರರಾಗುತ್ತಿರಲಿಲ್ಲ" ಅನ್ನುತ್ತಾರೆ. ನಾವೂ ಇದನ್ನೇ ಹೇಳುತ್ತೇವೆ. ಆಗ ನಾನಿದ್ದಿದ್ದರೆ ಗುಲಾಮರನ್ನು ಇಟ್ಟುಕೊಳ್ಳುತ್ತಿರಲಿಲ್ಲ, ನಾಜಿಗಳಿಗೆ ಹೆದರುತ್ತಿರಲಿಲ್ಲ ಅಂತ. ಹಾಗೆ ಹೇಳುವುದರಿಂದಲೇ ನೀವು ಆ ಕೊಂದವರ ಮಕ್ಕಳು ಅಂತ ಸಾಕ್ಷಿ ಕೊಟ್ಟಿರಿ ಅಂತಾನೆ ಯೇಸು.

ತಾತನ ಪಾಪದ ಅಪರಾಧ ಮೊಮ್ಮಗನ ತಲೆಗೆ ಬರುವುದಿಲ್ಲ, ಸರಿ. ಆದರೆ ತಾತ ಕದ್ದ ಆಸ್ತಿ ಇನ್ನೂ ಮೊಮ್ಮಗನ ಹೆಸರಿನಲ್ಲೇ ಇದ್ದರೆ? ಸಭೆಯ ವಿಷಯದಲ್ಲಿ ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. ಕ್ರಿಸ್ಟಫರ್ ಕಾಡ್ರಿಂಗ್ಟನ್ ಎಂಬ ಜಮೀನ್ದಾರ 1710ರಲ್ಲಿ ತೀರಿಕೊಂಡಾಗ ಬಾರ್ಬಡೋಸ್ ದ್ವೀಪದ ತನ್ನ ಕಬ್ಬಿನ ತೋಟಗಳನ್ನು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಸುವಾರ್ತಾ ಪ್ರಸಾರ ಸಂಘಕ್ಕೆ ಉಯಿಲು ಬರೆದಿಟ್ಟಿದ್ದ. ತೋಟದ ಜೊತೆ ಅಲ್ಲಿ ದುಡಿಯುತ್ತಿದ್ದ ಗುಲಾಮರೂ ಬಂದರು. ಸಂಘ ಅವರನ್ನು ಬಿಡಲಿಲ್ಲ. ಅವರ ಎದೆಯ ಮೇಲೆ ಕಾದ ಕಬ್ಬಿಣದಿಂದ "ಸೊಸೈಟಿ" ಎಂದು ಬರೆ ಹಾಕಿಸಿತು. ಸುವಾರ್ತೆ ಸಾರಲು ಹುಟ್ಟಿದ ಸಂಘದ ಹೆಸರು ಮನುಷ್ಯರ ಚರ್ಮದ ಮೇಲೆ. ಮುಂದೆ 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡಿ ಪರಿಹಾರಕ್ಕೆಂದು 2 ಕೋಟಿ ಪೌಂಡ್ ತೆಗೆದಿಟ್ಟಿತು. ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಒಡೆಯರಿಗೆ. ಸಂಘಕ್ಕೂ 8,823 ಪೌಂಡ್ ಬಂತು.

ಆ ಸಂಘದ ಸದಸ್ಯರು ಕೆಟ್ಟವರಾಗಿದ್ದರಾ? ಬಹಳಷ್ಟು ಜನ ಭಕ್ತಿವಂತರು. ಬೆಳಿಗ್ಗೆ ಸಂಜೆ ಪ್ರಾರ್ಥಿಸುವವರು. ಲಂಡನ್ನಿನಲ್ಲಿ ಸಭೆ ಸೇರಿ, ಲೆಕ್ಕಪತ್ರ ಓದಿ, ನಡಾವಳಿಗೆ ಸಹಿ ಹಾಕಿ ಮನೆಗೆ ಹೋದವರು. ಬಾರ್ಬಡೋಸನ್ನು ಕಣ್ಣಾರೆ ಕಾಣದೆಯೇ ಬದುಕು ಮುಗಿಸಿದವರು ಅವರಲ್ಲಿ ಎಷ್ಟೋ ಮಂದಿ ಇರಬೇಕು. ಯಾರೊಬ್ಬರ ಪಾಪನಿವೇದನೆಯಲ್ಲೂ ಈ ಪಾಪ ಬಂದಿರಲಿಕ್ಕಿಲ್ಲ. ಅದಕ್ಕೇ ನಾನು ಹೇಳುವುದು, ಒಬ್ಬೊಬ್ಬರ ಪಾಪವನ್ನು ಕೂಡಿಸಿದರೆ ಸಭೆಯ ಪಾಪದ ಮೊತ್ತ ಬರುವುದಿಲ್ಲ ಅಂತ. ಕಡತದಲ್ಲಿ, ನಿಯಮದಲ್ಲಿ, ಆಸ್ತಿಯಲ್ಲಿ ಕೂತ ಪಾಪ ಬೇರೆಯದೇ ರೀತಿಯದು. ಅದಕ್ಕೆ ಯಾರ ಮನಸ್ಸೂ ಚುಚ್ಚುವುದಿಲ್ಲ. ಚುಚ್ಚದೆಯೇ ಅದು ನೂರಾರು ವರ್ಷ ಬದುಕುತ್ತದೆ.

ಕೆಲವರು ಇದನ್ನು ಒಪ್ಪುವುದಿಲ್ಲ. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬರೆದ ಬೋಧನಾಪತ್ರವೊಂದು, ಸಾಮಾಜಿಕ ಪಾಪ ಅನ್ನುವುದು ಕೊನೆಗೂ ಹಲವು ವ್ಯಕ್ತಿಗಳ ಪಾಪಗಳು ಗುಡ್ಡೆಯಾಗಿ ಆದದ್ದು, ಒಂದು ವ್ಯವಸ್ಥೆ ತಾನೇ ಪಾಪ ಮಾಡಲಾರದು ಅಂದಿತು. ಅವರ ಆತಂಕ ನನಗೆ ಅರ್ಥವಾಗುತ್ತದೆ. ತಪ್ಪೆಲ್ಲ ವ್ಯವಸ್ಥೆಯದು ಅಂದುಬಿಟ್ಟರೆ ಯಾರೂ ಜವಾಬ್ದಾರರಲ್ಲ ಅಂತಾಗುತ್ತದೆ. ಆದರೆ ಹೊಸ ಒಡಂಬಡಿಕೆ ಸಭೆಯನ್ನೇ ಒಬ್ಬ ವ್ಯಕ್ತಿಯಂತೆ ಕರೆದು ಮಾತಾಡಿಸುತ್ತದೆ. ಪ್ರಕಟನೆ ಗ್ರಂಥದ 2 ಮತ್ತು 3ನೇ ಅಧ್ಯಾಯದಲ್ಲಿ ಏಳು ಸಭೆಗಳಿಗೆ ಏಳು ಪತ್ರಗಳಿವೆ. ನಾಲ್ಕು ಸಭೆಗಳಿಗೆ "ಪಶ್ಚಾತ್ತಾಪಪಡು" ಅನ್ನುವ ಆಜ್ಞೆ ಇದೆ. ಸಾರ್ದಿಸಿನ ಪತ್ರದಲ್ಲಿ, ಬಟ್ಟೆ ಮೈಲಿಗೆ ಮಾಡಿಕೊಳ್ಳದ ಸ್ವಲ್ಪ ಜನ ನಿನ್ನಲ್ಲಿದ್ದಾರೆ ಅಂತಾನೆ ಕ್ರಿಸ್ತ. ಆ ಸ್ವಲ್ಪ ಜನರನ್ನು ಗುರುತಿಸುತ್ತಾನೆ, ಮೆಚ್ಚುತ್ತಾನೆ. ಆದರೂ ಅವರಿಗೆ ಬೇರೆ ಪತ್ರ ಬರೆಯುವುದಿಲ್ಲ. ಅವರೂ ಅದೇ ಸಭೆಯಲ್ಲಿ ಕೂತು, "ನೀನು ಬದುಕಿದ್ದೀ ಅಂತ ಹೆಸರಿದೆ, ಆದರೆ ಸತ್ತಿದ್ದೀ" ಅನ್ನುವ ಮಾತನ್ನು ಕೇಳಿಸಿಕೊಳ್ಳಬೇಕು. ಎಫೆಸದ ಸಭೆಗಂತೂ, ಪಶ್ಚಾತ್ತಾಪಪಡದಿದ್ದರೆ ನಿನ್ನ ದೀಪಸ್ತಂಭವನ್ನೇ ತೆಗೆದುಬಿಡುತ್ತೇನೆ ಅಂತ ಎಚ್ಚರಿಕೆ.

ಹಾಗಾದರೆ ಪವಿತ್ರ ಸಭೆ ಅಂತ ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವಲ್ಲ, ಅದರ ಗತಿ ಏನು? ಈ ಪ್ರಶ್ನೆ ಹೊಸದಲ್ಲ. ನಾಲ್ಕನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಡೊನಾಟಿಸ್ಟರು ಇದೇ ಪ್ರಶ್ನೆ ಹಿಡಿದು ಬೇರೆಯಾದರು. ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿದ ಬಿಷಪ್ಪರು ಇರುವ ಸಭೆ ಸಭೆಯೇ ಅಲ್ಲ, ಶುದ್ಧರಾದ ನಾವೇ ಸಭೆ ಅಂದರು. ಅದಕ್ಕೆ ಬಿಷಪ್ ಅಗಸ್ಟೀನ್ ಕೊಟ್ಟ ಉತ್ತರ, ಗೋಧಿಯೂ ಹಣಜಿ ಎಂಬ ಕಳೆಯೂ ಸುಗ್ಗಿಯ ತನಕ ಒಂದೇ ಹೊಲದಲ್ಲಿ ಬೆಳೆಯುತ್ತವೆ, ಸಭೆ ಪವಿತ್ರವಾಗಿರುವುದು ಕ್ರಿಸ್ತನಿಂದ, ನಮ್ಮಿಂದಲ್ಲ ಅಂತ. ಅದನ್ನು ನಾನು ಮನಸಾರೆ ನಂಬುತ್ತೇನೆ. ನಂಬುವುದರಿಂದಲೇ ಮುಂದಿನ ಮಾತು ಹೇಳುತ್ತೇನೆ. ಸಭೆಯ ಪಾವಿತ್ರ್ಯ ದೇವರ ಕೊಡುಗೆಯಾದರೆ, ತಪ್ಪು ಒಪ್ಪಿಕೊಂಡರೆ ಅದು ಹೋಗುವುದಿಲ್ಲ. ಗೌರವ ಹೋಗುತ್ತದೆ, ಹೆಸರು ಕೆಡುತ್ತದೆ, ದುಡ್ಡೂ ಖರ್ಚಾಗುತ್ತದೆ. ಪಾವಿತ್ರ್ಯ ಹೋಗುವುದಿಲ್ಲ. ಕ್ಷಮೆಯಿಂದಲೇ ಬದುಕುತ್ತೇವೆ ಅಂತ ಊರಿಗೆಲ್ಲ ಸಾರುವ ಸಭೆ ತಾನೇ ಕ್ಷಮೆ ಕೇಳಲು ಹೆದರಿದರೆ, ಅದು ಇಷ್ಟು ದಿನ ಹೆಸರಿನಿಂದ ಬದುಕಿತ್ತು ಅಂತಲೇ ಅರ್ಥ.

ಹೀಗೆ ಹೆದರದವರು ಅಪರೂಪ. ಆರನೇ ಆಡ್ರಿಯನ್ ಅಂತ ಒಬ್ಬ ಪೋಪ್ ಇದ್ದ, ಡಚ್ಚರವನು. ಪೋಪನ ಅಧಿಕಾರದ ವಿರುದ್ಧ ಎದ್ದ ಲೂಥರನ ಗಲಾಟೆ ಕಾವೇರಿದ್ದ ಕಾಲ. ನ್ಯೂರೆಂಬರ್ಗಿನಲ್ಲಿ ಜರ್ಮನ್ ರಾಜರ ಸಭೆ ಕೂತಿತ್ತು. 1523ರ ಜನವರಿಯಲ್ಲಿ ಪೋಪನ ಪ್ರತಿನಿಧಿ ಅಲ್ಲಿ ಅವನ ಸೂಚನೆಯನ್ನು ಓದಿದ. ಈ ಪವಿತ್ರ ಪೀಠದಲ್ಲೇ ಎಷ್ಟೋ ವರ್ಷಗಳಿಂದ ಹೇಸಿಗೆಯ ಕೆಲಸಗಳು ನಡೆದಿವೆ, ರೋಗ ತಲೆಯಿಂದ ಕೈಕಾಲಿಗೆ ಇಳಿದಿದೆ, ನಾವೆಲ್ಲರೂ ದಾರಿ ತಪ್ಪಿದ್ದೇವೆ ಅನ್ನುವುದು ಅದರ ಸಾರ. ವಿರೋಧಿಗಳ ಮುಂದೆ, ಅವರ ಕೈಗೇ ಕೋಲು ಕೊಟ್ಟ ಹಾಗೆ. ಅವನು ಅದೇ ವರ್ಷ ತೀರಿಕೊಂಡ. ಮತ್ತೆ ಇಟಲಿಯ ಹೊರಗಿನ ಪೋಪ್ ಬಂದದ್ದು 1978ರಲ್ಲಿ, ಎರಡನೇ ಜಾನ್ ಪಾಲ್.

ಆ ಜಾನ್ ಪಾಲ್ 2000ದ ಮಾರ್ಚ್ 12ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಇಡೀ ಲೋಕ ನೋಡುವಂತೆ ಕ್ಷಮೆ ಕೇಳಿದರು. ಏಳು ನಿವೇದನೆಗಳು. ಸತ್ಯದ ಹೆಸರಿನಲ್ಲಿ ನಡೆದ ಹಿಂಸೆ, ಯೆಹೂದ್ಯರ ವಿರುದ್ಧದ ಪಾಪ, ಸ್ತ್ರೀಯರ ಮೇಲಿನ ಅವಮಾನ, ಹೀಗೆ ಒಂದೊಂದನ್ನೂ ವ್ಯಾಟಿಕನ್ನಿನ ಹಿರಿಯರು ಓದಿದರು. ವಯಸ್ಸಾದ, ಬಾಗಿದ ಮೈಯ ಪೋಪ್ ಕೊನೆಗೆ ಶಿಲುಬೆಯನ್ನು ಅಪ್ಪಿಕೊಂಡರು. ಅದೇ ತಿಂಗಳು ಯೆರೂಸಲೇಮಿಗೆ ಹೋಗಿ ಪಶ್ಚಿಮ ಗೋಡೆಯ ಸಂದಿಯಲ್ಲಿ ಆ ಪ್ರಾರ್ಥನೆಯ ಚೀಟಿ ಇಟ್ಟರು. ಇದನ್ನು ನಾನು ಸಣ್ಣದು ಅನ್ನುವುದಿಲ್ಲ. ಅಂಥದ್ದು ಅದಕ್ಕೂ ಮುಂಚೆ ನಡೆದಿರಲಿಲ್ಲ.

ಆದರೂ ಒಂದು ಗೆರೆಯನ್ನು ಆ ಪ್ರಾರ್ಥನೆಗಳು ದಾಟಲಿಲ್ಲ. ತಪ್ಪಿದವರು ಸಭೆಯ ಮಕ್ಕಳು, ಸಭೆಯಲ್ಲ. ಇಪ್ಪತ್ತೆರಡು ವರ್ಷಗಳ ನಂತರವೂ ಅದೇ ಗೆರೆ. ಕೆನಡಾದಲ್ಲಿ ಮೂಲನಿವಾಸಿಗಳ 1,50,000ಕ್ಕೂ ಹೆಚ್ಚು ಮಕ್ಕಳನ್ನು ಮನೆಗಳಿಂದ ಬಿಡಿಸಿ ವಸತಿ ಶಾಲೆಗಳಲ್ಲಿ ಇಟ್ಟಿದ್ದರು. ಸರ್ಕಾರದ ದುಡ್ಡು, ಸಭೆಗಳ ಆಡಳಿತ. ಅವರ ಭಾಷೆ ಕಿತ್ತುಕೊಂಡರು, ಹೊಡೆದರು, ಎಷ್ಟೋ ಮಕ್ಕಳು ಅಲ್ಲೇ ಸತ್ತರು. 2022ರ ಜುಲೈ 25ರಂದು ಪೋಪ್ ಫ್ರಾನ್ಸಿಸ್ ಆಲ್ಬರ್ಟಾದ ಮಾಸ್ಕ್ವಾಚಿಸ್‌ಗೆ ಹೋಗಿ, ಎಷ್ಟೋ ಕ್ರೈಸ್ತರು ಮಾಡಿದ ಕೇಡಿಗೆ ಕ್ಷಮೆ ಕೇಳಿದರು. ಅವರ ದುಃಖ ನಿಜವಾಗಿತ್ತು. ಆದರೆ ಅಲ್ಲಿನ ಸತ್ಯ ಮತ್ತು ಸಮನ್ವಯ ಆಯೋಗದ ಅಧ್ಯಕ್ಷರಾಗಿದ್ದ ಮರ್ರೆ ಸಿಂಕ್ಲೇರ್ ಎತ್ತಿದ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಕೆಲವು ವ್ಯಕ್ತಿಗಳ ಮೇಲೆ ಹೊರೆ ಹಾಕಿದರೆ ಸಾಲದು, ಸಭೆ ಒಂದು ಸಂಸ್ಥೆಯಾಗಿಯೇ ಇದನ್ನು ಮಾಡಿತು ಅಂದರು ಅವರು.

ನಾನು ಅವರ ಪಕ್ಷ. ಆ ಶಾಲೆಗಳಲ್ಲಿ ಮಗುವಿಗೆ ಹೊಸ ಹೆಸರು ಇಟ್ಟದ್ದು, ಕೂದಲು ಕತ್ತರಿಸಿದ್ದು ಒಬ್ಬ ಕೋಪಿಷ್ಠ ಗುರುವಲ್ಲ. ಅದು ಅಲ್ಲಿನ ನಿಯಮ. ದೂರು ಬಂದ ಗುರುವನ್ನು ಇನ್ನೊಂದು ಊರಿಗೆ ಕಳಿಸುವ ಕಾಗದವನ್ನು ಯೋಚಿಸಿ ನೋಡಿ. ಮೇಲ್ಗಡೆ ಕಚೇರಿಯ ಹೆಸರು, ಕೆಳಗಡೆ ಸಹಿ, ಪಕ್ಕದಲ್ಲಿ ಮೊಹರು. ಆ ಮೊಹರು ಯಾರದು? ಅದನ್ನು ಒತ್ತುವಾಗ ಸಭೆಯ ಅಧಿಕಾರ, ಅದು ಪಾಪ ಅಂತ ಗೊತ್ತಾದ ಮೇಲೆ ಸಭೆಯ ಯಾವನೋ ಒಬ್ಬ ಮಗನ ದೌರ್ಬಲ್ಯ ಅನ್ನುವುದು ನ್ಯಾಯವಲ್ಲ. 1964ರ ವ್ಯಾಟಿಕನ್ ಮಹಾಸಭೆಯ ದಾಖಲೆಯೇ, ಸಭೆ ಪವಿತ್ರವೂ ಹೌದು, ಸದಾ ಶುದ್ಧವಾಗುತ್ತಲೂ ಇರಬೇಕು ಅಂದಿದೆ. ಶುದ್ಧವಾಗಬೇಕಾದದ್ದು ಸಭೆಯೇ ಆದರೆ ಒಪ್ಪಿಕೊಳ್ಳಬೇಕಾದದ್ದೂ ಸಭೆಯೇ.

ಫ್ರಾನ್ಸಿನಲ್ಲಿ ಸ್ವಲ್ಪ ಮುಂದಕ್ಕೆ ಹೋದರು. 2021ರ ಅಕ್ಟೋಬರಿನಲ್ಲಿ ಜಾನ್ ಮಾರ್ಕ್ ಸೋವೆ ನೇತೃತ್ವದ ಸ್ವತಂತ್ರ ಆಯೋಗ ವರದಿ ಕೊಟ್ಟಿತು. 1950ರಿಂದ ಈಚೆಗೆ ಗುರುಗಳು ಮತ್ತು ಸನ್ಯಾಸಿಗಳಿಂದ ಸುಮಾರು 2,16,000 ಮಕ್ಕಳು ಲೈಂಗಿಕ ದೌರ್ಜನ್ಯಕ್ಕೆ ಒಳಗಾದರು ಅನ್ನುವುದು ಅದರ ಅಂದಾಜು. ಮುಂದಿನ ತಿಂಗಳು ಲೂರ್ದಿನಲ್ಲಿ ಸೇರಿದ ಬಿಷಪ್ಪರು ಇದು ಸಭೆಯ ಸಾಂಸ್ಥಿಕ ಹೊಣೆ ಅಂತ ಒಪ್ಪಿಕೊಂಡರು. ಮೊಣಕಾಲೂರಿದರು. ಪರಿಹಾರ ಕೊಡಲು ಆಸ್ತಿ ಮಾರುತ್ತೇವೆ ಅಂದರು. ಮೊಣಕಾಲು ಮತ್ತು ಆಸ್ತಿ, ಎರಡೂ ಒಟ್ಟಿಗೆ ಬಂದದ್ದು ನನಗೆ ಮುಖ್ಯ. ಜಕ್ಕಾಯನ ಕಥೆಯಲ್ಲಿ ಯೇಸು "ಈ ಹೊತ್ತು ಈ ಮನೆಗೆ ರಕ್ಷಣೆ ಆಯಿತು" ಅಂದದ್ದು ಆ ಸುಂಕದವನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ ಮೇಲೆ.

ಜರ್ಮನಿಯ ಕಥೆ ಬೇರೆ. 1945ರ ಅಕ್ಟೋಬರ್, ಬಾಂಬುಗಳಿಂದ ಹಾಳುಬಿದ್ದಿದ್ದ ಸ್ಟುಟ್‌ಗಾರ್ಟ್. ಜರ್ಮನ್ ಇವ್ಯಾಂಜೆಲಿಕಲ್ ಸಭೆಯ ಮುಖಂಡರು ಹೊರದೇಶದ ಸಭೆಗಳ ಪ್ರತಿನಿಧಿಗಳ ಮುಂದೆ ಒಂದು ಪುಟ್ಟ ಘೋಷಣೆ ಓದಿದರು. ನಮ್ಮಿಂದ ಎಷ್ಟೋ ಜನಾಂಗಗಳಿಗೂ ದೇಶಗಳಿಗೂ ಮಿತಿಯಿಲ್ಲದ ನೋವು ಬಂತು ಅಂತ ಅದರಲ್ಲಿತ್ತು. ಸಹಿ ಹಾಕಿದವರಲ್ಲಿ ಮಾರ್ಟಿನ್ ನೀಮೋಲರ್ ಒಬ್ಬರು. 1937ರಿಂದ 1945ರ ತನಕ ಹಿಟ್ಲರನ ಸೆರೆಯಲ್ಲಿ, ಶಿಬಿರಗಳಲ್ಲಿ ಕಳೆದವರು. ಯಾರಾದರೂ "ನಾನು ಮಾಡಿಲ್ಲ" ಅನ್ನಬಹುದಾಗಿದ್ದರೆ ಅವರು ಅನ್ನಬಹುದಿತ್ತು. ಅನ್ನಲಿಲ್ಲ. ದೇಶದ ತುಂಬ ಊರೂರು ತಿರುಗಿ ಈ ತಪ್ಪೊಪ್ಪಿಗೆಯನ್ನು ಸಮರ್ಥಿಸಿಕೊಂಡರು. ಜನ ಸಿಟ್ಟಾದರು. ಸೋತು, ಹಸಿದು, ಮನೆ ಕಳಕೊಂಡು ಕೂತಿದ್ದವರಿಗೆ ಇದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಆದರೆ ಆ ಘೋಷಣೆಯಲ್ಲಿ ಯೆಹೂದ್ಯರ ಹೆಸರೇ ಇರಲಿಲ್ಲ. ಅರವತ್ತು ಲಕ್ಷ ಜನರನ್ನು ಕೊಂದು ಮುಗಿಸಿದ ಆರು ತಿಂಗಳೊಳಗೆ ಬರೆದ ತಪ್ಪೊಪ್ಪಿಗೆ ಅದು. ಧೈರ್ಯವಾಗಿ ಸಾಕ್ಷಿ ನುಡಿಯಲಿಲ್ಲ, ನಿಷ್ಠೆಯಿಂದ ಪ್ರಾರ್ಥಿಸಲಿಲ್ಲ, ತೀವ್ರವಾಗಿ ಪ್ರೀತಿಸಲಿಲ್ಲ ಅಂತೆಲ್ಲ ಇತ್ತು. ಯಾರನ್ನು ಪ್ರೀತಿಸಲಿಲ್ಲ ಅಂತ ಇರಲಿಲ್ಲ. ಆ ಸಭೆಯ ಮಹಾಸಭೆ ಬರ್ಲಿನ್ನಿನ ವೈಸೆನ್ಸೀಯಲ್ಲಿ ಸೇರಿ, ಯೆಹೂದ್ಯರ ಮೇಲಿನ ದುಷ್ಕೃತ್ಯದಲ್ಲಿ ನಮ್ಮ ಮೌನದಿಂದ ನಾವೂ ಪಾಲುಗಾರರಾದೆವು ಅನ್ನುವ ಹೊತ್ತಿಗೆ 1950 ಬಂದಿತ್ತು. ದೇವರ ಮುಂದೆ ತಲೆಬಾಗುವುದು ಎಷ್ಟೋ ಸುಲಭ. ನೊಂದವರ ಹೆಸರು ಹಿಡಿದು ಹೇಳುವುದು ಕಷ್ಟ.

ಈಗ ದಕ್ಷಿಣ ಆಫ್ರಿಕಾ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪಾಪ ಹೇಗೆ ಶುರುವಾಗುತ್ತದೆ ಅಂತ ಇಲ್ಲಿ ಚೆನ್ನಾಗಿ ಕಾಣುತ್ತದೆ. 1857ರಲ್ಲಿ ಕೇಪ್ ಪ್ರಾಂತ್ಯದ ಡಚ್ ರಿಫಾರ್ಮ್ಡ್ ಸಭೆಯ ಸಿನೊಡ್, ಅಂದರೆ ಆಡಳಿತದ ಮಹಾಸಭೆ, ಕೂಡಿತು. ಕರಿಯ ಮೈಬಣ್ಣದ ವಿಶ್ವಾಸಿಗಳ ಜೊತೆ ಒಂದೇ ಕಡೆ ಕರ್ತನ ಭೋಜನ ತೆಗೆದುಕೊಳ್ಳಲು ಕೆಲವು ಬಿಳಿಯರು ಒಪ್ಪುತ್ತಿರಲಿಲ್ಲ. ಎಲ್ಲರೂ ಒಂದೇ ಸಭೆಯಲ್ಲಿ ಇರುವುದೇ ಶಾಸ್ತ್ರಕ್ಕೆ ಸರಿ ಅಂತ ಸಿನೊಡ್ ಹೇಳಿತು. ಅದು ಗೊತ್ತಿತ್ತು ಅವರಿಗೆ. ಆದರೆ ಕೆಲವರ ಬಲಹೀನತೆಯಿಂದಾಗಿ, ಅಗತ್ಯ ಬಿದ್ದ ಕಡೆ ಬೇರೆ ಕಟ್ಟಡದಲ್ಲಿ ಆರಾಧನೆ ನಡೆಸಬಹುದು ಅಂತಲೂ ಸೇರಿಸಿತು. ಒಂದು ರಿಯಾಯಿತಿ, ಅಷ್ಟೇ. 1881ರಲ್ಲಿ ಅದು ಬಿಳಿಯರಲ್ಲದವರ ಬೇರೆಯದೇ ಒಂದು ಸಭೆಯಾಯಿತು. ಆಮೇಲೆ ಅದೇ ದೇವರ ಚಿತ್ತ ಅನ್ನುವ ಬೋಧನೆಯಾಯಿತು. 1948ರಲ್ಲಿ ವರ್ಣಭೇದ ದೇಶದ ನೀತಿಯಾದಾಗ ಅದಕ್ಕೆ ಬೇಕಾದ ಬೈಬಲ್ ವಚನಗಳು ಸಿದ್ಧವಾಗಿದ್ದವು. 1982ರಲ್ಲಿ ಕೇಪ್ ಟೌನ್ ಹತ್ತಿರದ ಬೆಲ್ಹಾರಿನಲ್ಲಿ ಆ ಬೇರೆ ಮಾಡಿದ ಸಭೆಯವರೇ ಎದ್ದುನಿಂತು, ಇದು ಸುವಾರ್ತೆಗೇ ವಿರೋಧ ಅಂತ ತಮ್ಮ ವಿಶ್ವಾಸಪ್ರಮಾಣ ಬರೆಯಬೇಕಾಯಿತು.

1990ರ ನವೆಂಬರಿನಲ್ಲಿ ರಸ್ಟೆನ್‌ಬರ್ಗಿನಲ್ಲಿ ಆ ದೇಶದ ಸಭೆಗಳ ಮುಖಂಡರ ಸಮ್ಮೇಳನ ನಡೆಯಿತು. ವಿಲ್ಲಿ ಯೋಂಕರ್ ಎಂಬ ಡಚ್ ರಿಫಾರ್ಮ್ಡ್ ದೇವಶಾಸ್ತ್ರಜ್ಞರು ತಮ್ಮ ಭಾಷಣದ ನಡುವೆ, ವರ್ಣಭೇದದಲ್ಲಿ ನನ್ನ ಪಾಪವನ್ನೂ ಅಪರಾಧವನ್ನೂ ಒಪ್ಪಿಕೊಳ್ಳುತ್ತೇನೆ, ನನ್ನ ಸಭೆಯ ಪರವಾಗಿಯೂ ಒಪ್ಪಿಕೊಳ್ಳುತ್ತೇನೆ ಅಂದರು. ಕರಿಯರಾದ ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಎದ್ದು ಬಂದು, ತಪ್ಪೊಪ್ಪಿಕೊಂಡಾಗ ನಾವು ಕ್ಷಮಿಸಬೇಕು, ಕ್ಷಮಿಸುತ್ತೇವೆ ಅನ್ನುವ ಅರ್ಥದ ಮಾತಾಡಿದರು. ಮರುದಿನ ಆ ಸಭೆಯ ಅಧಿಕೃತ ಪ್ರತಿನಿಧಿಗಳೂ ಯೋಂಕರರ ಮಾತು ನಮ್ಮದೂ ಹೌದು ಅಂದರು. ದೇಶದ ಮಾಜಿ ಅಧ್ಯಕ್ಷ ಪಿ.ಡಬ್ಲ್ಯು. ಬೋತಾ ಫೋನ್ ಮಾಡಿ ಸಿಟ್ಟು ತೋಡಿಕೊಂಡರು. ಇನ್ನೊಂದು ಕಡೆ, ಕರಿಯ ಮುಖಂಡರಲ್ಲೇ ಕೆಲವರು ಟುಟು ಅವರನ್ನು ಕೇಳಿದರು, ನಮ್ಮೆಲ್ಲರ ಪರವಾಗಿ ಕ್ಷಮಿಸಲು ನಿಮಗೆ ಯಾರು ಅಧಿಕಾರ ಕೊಟ್ಟರು ಅಂತ.

ಆ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಟುಟು ಅವರ ದೊಡ್ಡ ಮನಸ್ಸಿನ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಒಬ್ಬ ಸತ್ತವನ ಪರವಾಗಿ, ಮನೆ ಕಳಕೊಂಡ ಒಬ್ಬ ತಾಯಿಯ ಪರವಾಗಿ ಕ್ಷಮಿಸುವ ಹಕ್ಕು ಯಾರಿಗಿದೆ? ದೇವರ ಕ್ಷಮೆ ದೇವರದು. ನೊಂದವರ ಕ್ಷಮೆ ನೊಂದವರದು. ಒಂದನ್ನು ತೋರಿಸಿ ಇನ್ನೊಂದನ್ನು ವಸೂಲಿ ಮಾಡುವ ಹಾಗಿಲ್ಲ. ಯಜ್ಞವೇದಿಯ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ದೂರು ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ ಯೇಸು ಹೇಳಿದ್ದು ಇದಕ್ಕೇ.

1986ರಲ್ಲಿ ಯುನೈಟೆಡ್ ಚರ್ಚ್ ಆಫ್ ಕೆನಡಾ ಸಡ್‌ಬರಿಯಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿತು. ಹಿರಿಯರು ಅದನ್ನು ಕೇಳಿಸಿಕೊಂಡರು. ಎರಡು ವರ್ಷ ಯೋಚಿಸಿ 1988ರಲ್ಲಿ ಉತ್ತರ ಕೊಟ್ಟರು. ನೀವು ಕೇಳಿದ ಕ್ಷಮೆಯನ್ನು ಗೌರವದಿಂದ ಗಮನಿಸಿದ್ದೇವೆ ಅಂದರು. ಒಪ್ಪಿಕೊಂಡೆವು ಅನ್ನಲಿಲ್ಲ. ಮಾತನ್ನು ಬದುಕಿ ತೋರಿಸಿ ಅನ್ನುವುದು ಅದರ ಭಾವ. ಸಭೆಯೊಂದಕ್ಕೆ ಇದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತವನ್ನು ಯಾವ ಗುರುವೂ ವಿಧಿಸಲಾರ ಅಂತ ನನಗನಿಸುತ್ತದೆ. ಮೊದಲ ಕ್ಷಮೆ ಕೇಳಿದ ಹನ್ನೆರಡು ವರ್ಷಕ್ಕೆ, 1998ರಲ್ಲಿ, ವಸತಿ ಶಾಲೆಗಳ ಬಗ್ಗೆಯೇ ಆ ಸಭೆ ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ ಕ್ಷಮೆ ಕೇಳಿತು.

ದೂರದ ದೇಶಗಳ ಪಟ್ಟಿ ಕೊಟ್ಟು ಸುಮ್ಮನಾಗುವುದೂ ಒಂದು ತಪ್ಪಿಸಿಕೊಳ್ಳುವಿಕೆ. ಭಾರತದ ಕ್ಯಾಥೋಲಿಕ್ ಬಿಷಪ್ಪರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣದ ನೀತಿ ಹೊರತಂದಾಗ, ಸಭೆಯೊಳಗಿನ ಜಾತಿಭೇದ ಘೋರವಾದ ಸಾಮಾಜಿಕ ಪಾಪ ಅಂತ ಒಪ್ಪಿಕೊಂಡಿತು. ಒಂದೇ ದೀಕ್ಷಾಸ್ನಾನ ಪಡೆದವರನ್ನು ಕೆಲವೆಡೆ ಬೇರೆ ಬೇರೆ ಸ್ಮಶಾನಗಳಲ್ಲಿ ಹೂಳಿದ್ದಾರೆ. 1857ರ ಆ ಸಿನೊಡ್ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲೂ ಕೆಲವರ ಬಲಹೀನತೆ, ಇಲ್ಲೂ ಕೆಲವರ ಬಲಹೀನತೆ. ಮನಸ್ಸು ನೋಯಬಾರದು ಅಂತ ಕಾಪಾಡಿದ್ದು ಯಾವಾಗಲೂ ಮೇಲಿನವರ ಮನಸ್ಸನ್ನೇ.

ಒಂದು ಅಪಾಯದ ಬಗ್ಗೆಯೂ ಹೇಳಬೇಕು. "ನಾವು" ಅನ್ನುವುದರ ಹಿಂದೆ "ನಾನು" ಬಚ್ಚಿಟ್ಟುಕೊಳ್ಳಬಹುದು. ನಾವೆಲ್ಲರೂ ಪಾಪಿಗಳು ಅಂದುಬಿಟ್ಟರೆ ಆ ಕಾಗದಕ್ಕೆ ಸಹಿ ಹಾಕಿದವನೂ, ಆ ಕಾಗದದಿಂದ ಹಾಳಾದ ಮಗುವೂ ಒಂದೇ ಸಾಲಿನಲ್ಲಿ ನಿಂತ ಹಾಗೆ. ಇದು ಜಾಸ್ತಿ ಕ್ರೂರ. 390ರಲ್ಲಿ ಥೆಸಲೊನೀಕದಲ್ಲಿ ಸೈನಿಕರು ಸಾವಿರಾರು ಜನರನ್ನು ಕೊಂದಾಗ ಮಿಲಾನಿನ ಬಿಷಪ್ ಅಂಬ್ರೋಸ್, ಇಡೀ ಸಾಮ್ರಾಜ್ಯವೇ ಪಶ್ಚಾತ್ತಾಪಪಡಲಿ ಅಂತ ಪ್ರಸಂಗ ಮಾಡಿ ಬಿಡಲಿಲ್ಲ. ಆಜ್ಞೆ ಕೊಟ್ಟ ಥಿಯೊಡೋಸಿಯಸ್ ಚಕ್ರವರ್ತಿಗೇ ಪತ್ರ ಬರೆದು, ನೀನು ಇರುವಾಗ ನಾನು ಬಲಿಪೂಜೆ ಅರ್ಪಿಸಲಾರೆ ಅಂದ. ಚಕ್ರವರ್ತಿ ಎಲ್ಲರೆದುರು ಪ್ರಾಯಶ್ಚಿತ್ತ ಮಾಡಿದ. ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಎರಡೂ ಇದೆ. ತಪ್ಪು ಮಾಡಿದ ಒಬ್ಬನನ್ನು ಬೊಟ್ಟು ಮಾಡುತ್ತಾನೆ. ಅದನ್ನು ಕಂಡೂ ದುಃಖಪಡದೆ ಉಬ್ಬಿಕೊಂಡಿದ್ದ ಇಡೀ ಸಭೆಯನ್ನೂ ಬೈಯುತ್ತಾನೆ.

ಆದ್ದರಿಂದ ಸಭೆಯ ತಪ್ಪೊಪ್ಪಿಗೆ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗೆ. ಮೊದಲು ಹಳೆಯ ದಾಖಲೆ ಪುಸ್ತಕಗಳನ್ನು ತೆಗೆಯಿರಿ. ನಡಾವಳಿ, ಆಸ್ತಿಪತ್ರ, ವರ್ಗಾವಣೆಯ ಕಾಗದ, ಶಾಲೆಯ ರಿಜಿಸ್ಟರ್. ಏನು ನಡೆಯಿತು, ಯಾವ ವರ್ಷ, ಯಾರ ಸಹಿ, ಯಾರಿಗೆ ನೋವಾಯಿತು ಅಂತ ಬರೆಯಿರಿ. ಆ ಬರಹವನ್ನು ಆರಾಧನೆಗೆ ತರುವ ಮುಂಚೆ ನೊಂದವರಿಗೆ ತೋರಿಸಿ. ಅವರು ತಿದ್ದಲಿ. ಇಷ್ಟು ಸಾಲದು ಅಂದರೆ ಇನ್ನೂ ಸೇರಿಸಿ. ಓದುವ ಭಾನುವಾರ ಎಂದಿನ ಹಾಗೆ ಅರ್ಧ ನಿಮಿಷದಲ್ಲಿ ಪಾಪಕ್ಷಮೆಯ ವಚನ ಹೇಳಿ ಮುಂದಿನ ಕೀರ್ತನೆಗೆ ಹೋಗಬೇಡಿ. ಆ ದಿನ ಕಾಣಿಕೆ ಎತ್ತದಿದ್ದರೂ ನಡೆಯುತ್ತದೆ. ಏನನ್ನು ತಿರುಗಿ ಕೊಡುತ್ತೇವೆ, ಯಾವಾಗ ಕೊಡುತ್ತೇವೆ ಅಂತ ಅಂದೇ ಹೇಳಿ. ಮುಂದಿನ ವರ್ಷ ಅದೇ ಭಾನುವಾರ ಅದೇ ಜನರ ಮುಂದೆ ನಿಂತು, ಎಷ್ಟು ಕೊಟ್ಟೆವು, ಎಷ್ಟು ಬಾಕಿ ಇದೆ ಅಂತ ಲೆಕ್ಕ ಓದಿ. ನೊಂದವರು ಆ ದಿನ ಬರದಿದ್ದರೆ, ಯಾಕೆ ಬರಲಿಲ್ಲ ಅಂತ ಕೇಳಲು ಅವರ ಮನೆಗೆ ಹೋಗಿ.